ತೆರ್ನಾ ಸಾಲು ಬಿಟ್ಟ ದಿನ

ತಿಮಿಂಗಿಲವನ್ನು ಬರೀ ನೋಡುವುದಕ್ಕೆ ದುಡ್ಡು ಕೊಡುವ ಜನ ಈ ಭೂಮಿ ಮೇಲಿದ್ದಾರೆ ಅಂತ ನಮ್ಮಪ್ಪನಿಗೆ ಯಾರಾದರೂ ಹೇಳಿದ್ದರೆ, ಪಾಪ, ಇವನಿಗೆ ಜ್ವರ ನೆತ್ತಿಗೇರಿದೆ ಅಂತ ಬಿಸಿ ಕಾಫಿ ಕುಡಿಸಿ ಮನೆಗೆ ಕಳಿಸುತ್ತಿದ್ದ. ಅಂಥ ಅಪ್ಪನ ಮಗ ನನ್ನ ತಮ್ಮ ಯಾಲ್ಗ್ರಿಮ್. ಅಪ್ಪ ಜೀವಮಾನವೆಲ್ಲ ಮೀನು ಹಿಡಿದ ದೋಣಿಗೆ ತಿಳಿನೀಲಿ ಬಣ್ಣ ಬಳಿಸಿ, ಮಗ್ಗುಲಿಗೆ ನಗುವ ತಿಮಿಂಗಿಲದ ಚಿತ್ರ ಬರೆಸಿ, ಒಳಗೆ ಬೆಂಚು ಹಾಕಿಸಿ, ಬನ್ನಿ ಹಕ್ಕಿ ನೋಡಿ, ಬನ್ನಿ ತಿಮಿಂಗಿಲ ನೋಡಿ ಅಂತ ಬಂದರಿನಲ್ಲಿ ಹಲ್ಲು ಕಿರಿದುಕೊಂಡು ನಿಂತ. ತಿಮಿಂಗಿಲ ನಗುವುದನ್ನು ನಾನಂತೂ ಕಂಡಿಲ್ಲ. ಈ ಫೆರೋ ದ್ವೀಪಗಳಲ್ಲಿ ಹುಟ್ಟಿದ ಯಾವನೂ ಕಂಡಿಲ್ಲ.

ನನ್ನನ್ನೂ ಸುಮ್ಮನೆ ಬಿಡಲಿಲ್ಲ. ಮೀನಿನ ಕಾರ್ಖಾನೆಯಲ್ಲಿ ಭುಜ ಸವೆಸಿಕೊಂಡು, ಮನೆಯಲ್ಲಿ ಸ್ವೆಟರ್ ಹೆಣೆಯುತ್ತ ಕೂತಿದ್ದವಳಿಗೆ ಅಕ್ಕ ಅಕ್ಕ ಅಂತ ಬೆಣ್ಣೆ ಹಚ್ಚಿ ದೋಣಿ ಹತ್ತಿಸಿದ. ಕಾಫಿ ಕಾಯಿಸುವುದು, ರೂಬಾರ್ಬ್ ಕೇಕು ಹಂಚುವುದು, ಹಕ್ಕಿಗಳ ಬಂಡೆಯ ಬುಡಕ್ಕೆ ಹೋದಾಗ ಎಲ್ಲರ ತಲೆಗೂ ಹೆಲ್ಮೆಟ್ ಹಾಕಿಸುವುದು, ಇದು ನನ್ನ ಉದ್ಯೋಗ. ಮೇಲಿಂದ ಕಲ್ಲು ಬೀಳುತ್ತವಲ್ಲ, ಅದಕ್ಕೆ ಹೆಲ್ಮೆಟ್. ನಿಜ ಹೇಳಬೇಕೆಂದರೆ ಕಲ್ಲಿಗಿಂತ ಹಿಕ್ಕೆ ಬೀಳುವುದೇ ಜಾಸ್ತಿ. ಅದನ್ನೂ ಫೋಟೋ ತೆಗೆದುಕೊಳ್ಳುವ ಪುಣ್ಯಾತ್ಮರಿದ್ದಾರೆ.

ಇವನ ಮೈಕಿನ ಭಾಷಣ ಕೇಳಬೇಕು ನೀವು. ಪಫಿನ್ ಹಕ್ಕಿ ಕಂಡರೆ "ನಮ್ಮ ಸಮುದ್ರದ ಪುಟ್ಟ ಗೆಳೆಯ" ಅನ್ನುತ್ತಾನೆ. ಚಿಕ್ಕಂದಿನಲ್ಲಿ ಇದೇ ಗೆಳೆಯನ ಹೊಟ್ಟೆಗೆ ಒಣದ್ರಾಕ್ಷಿ ಹಾಕಿದ ಸಿಹಿ ಹಿಟ್ಟು ತುಂಬಿ ಅಮ್ಮ ಬೇಯಿಸಿದರೆ, ನನ್ನ ಪಾಲಿನದನ್ನೂ ಕಿತ್ತುಕೊಂಡು ತಿನ್ನುತ್ತಿದ್ದ. ಅದೆಲ್ಲ ಈಗ ಮರೆತುಹೋಗಿದೆ. ದೋಣಿಗೆ ನಾನು ಒಣಗಿಸಿದ ಕುರಿಮಾಂಸ ತರಕೂಡದು, ಅತಿಥಿಗಳಿಗೆ ವಾಸನೆ ಆಗಿಬರುವುದಿಲ್ಲವಂತೆ. ತಿಮಿಂಗಿಲದ ಕೊಬ್ಬಿನ ತುಂಡಂತೂ ಬುತ್ತಿಯಲ್ಲಿ ಕಾಣಲೇಕೂಡದು. ಇಷ್ಟೆಲ್ಲ ಅಪ್ಪಣೆ ಕೊಟ್ಟ ದೊರೆ ಸಂಜೆ ಆಯಿತೆಂದರೆ ನಮ್ಮ ಮನೆ ಹಿಂದೆ ಮಾಂಸ ಗಾಳಿಗೆ ಒಣಗಿಸುವ ಒಣಗೂಡಿಗೆ ನುಗ್ಗಿ, ನೇತುಹಾಕಿದ ತಿಮಿಂಗಿಲದ ಮಾಂಸವನ್ನು ಚಾಕುವಿನಿಂದ ಕೊಯ್ದುಕೊಂಡು ನಿಂತಲ್ಲೇ ತಿನ್ನುತ್ತಿದ್ದ. ಗಡ್ಡಕ್ಕೆ ಅಂಟಿದ ಜಿಡ್ಡು ಒರೆಸಿಕೊಂಡು ಹೋಗು ಮಾರಾಯ, ನಿನ್ನ ಗೆಳೆಯರು ನೋಡಿಯಾರು ಅಂತ ನಾನು ಹಂಗಿಸುತ್ತಿದ್ದೆ. ಒಂದು ದಿನವೂ ಅವನು ಅದಕ್ಕೆ ನಗಲಿಲ್ಲ.

ಹಂಗಿಸುತ್ತಿದ್ದೆ, ಸರಿ. ಆದರೂ ಬೆಳಿಗ್ಗೆ ಎದ್ದು ಕಾಫಿ ಫ್ಲಾಸ್ಕು ಹಿಡಿದು ಹೋಗುತ್ತಿದ್ದೆನಲ್ಲ, ಅದು ತೆರ್ನಾಗೋಸ್ಕರ. ತೆರ್ನಾ ಅಂದರೆ ಅಪ್ಪನ ದೋಣಿ. ಮೀನು ಹಿಡಿಯುವ ಪರವಾನಗಿ ಅಪ್ಪನ ಕಾಲಕ್ಕೇ ಹೋಗಿತ್ತು. ಪಕ್ಕದ ಕೊಲ್ಲಿಯಲ್ಲಿ ಸಾಲ್ಮನ್ ಮೀನು ಸಾಕುವವರು ದೋಣಿಯ ಮೇಲೆ ಕಣ್ಣು ಹಾಕಿದ್ದರು. ಕೊಂಡರೆ ಕ್ಯಾಬಿನ್ ಕಿತ್ತು ಮೀನಿಗೆ ಮೇವು ಸಾಗಿಸುವ ಗಾಡಿ ಮಾಡುತ್ತೇವೆ ಅಂತ ಬಾಯಿಬಿಟ್ಟೇ ಹೇಳಿದ್ದರು. ಇದರಿಂದ ತಪ್ಪಿಸಿಕೊಳ್ಳಲು ಯಾಲ್ಗ್ರಿಮ್‌ಗೆ ಉಳಿದದ್ದು ಒಂದೇ ದಾರಿ. ಪ್ರವಾಸಿ ಹಡಗುಗಳ ಕಂಪನಿಯೊಂದು ತನ್ನ ಜನರನ್ನು ಪ್ರತಿ ಬೇಸಿಗೆ ತೆರ್ನಾದಲ್ಲೇ ಹತ್ತಿಸುತ್ತೇವೆ ಅಂತ ಒಪ್ಪಬೇಕು. ಒಪ್ಪಿದರೆ ದೋಣಿ ಉಳಿಯಿತು, ಇಲ್ಲವಾದರೆ ಆ ಶರತ್ಕಾಲಕ್ಕೇ ಹೋಯಿತು.

ದೋಣಿ ಹೋದರೆ ಹೋಗಲಿ ಅನ್ನುವವರಿಗೆ ನಮ್ಮೂರಿನ ಸಾಲು ಗೊತ್ತಿಲ್ಲ. ಕರಿ ತಿಮಿಂಗಿಲಗಳ ಹಿಂಡಿಗೆ ನಾವು ಗ್ರಿಂಡ್ ಅನ್ನುತ್ತೇವೆ. ಗ್ರಿಂಡ್ ಯಾರ ಕಣ್ಣಿಗೆ ಮೊದಲು ಬಿತ್ತೋ ಅವನು ತಕ್ಷಣ ಕೂಗಿ ಹೇಳಬೇಕು. ಅಜ್ಜಂದಿರ ಕಾಲದಲ್ಲಿ ಗುಡ್ಡದ ಮೇಲೆ ಬೆಂಕಿ ಹಾಕಿ ಹೇಳುತ್ತಿದ್ದರು, ಈಗ ರೇಡಿಯೋ ಇದೆ. ಕಂಡೂ ಬಾಯಿಮುಚ್ಚಿಕೊಂಡವನು ಮತ್ತೆ ಊರಲ್ಲಿ ತಲೆ ಎತ್ತುವ ಹಾಗಿಲ್ಲ. ಕಂಡು ಹೇಳಿದವನಿಗೆ ದೊಡ್ಡ ತಿಮಿಂಗಿಲದ ತಲೆ, ಅದಕ್ಕಿಂತ ಹೆಚ್ಚಾಗಿ ಊರವರ ಬಾಯಲ್ಲಿ ಸಾಯುವತನಕ ಹೆಸರು. ಸುದ್ದಿ ಬಂದ ಕೂಡಲೆ ದೋಣಿಗಳೆಲ್ಲ ಹೊರಟು ಹಿಂಡಿನ ಹಿಂದೆ ಅರ್ಧ ಬಳೆಯ ಹಾಗೆ ಸಾಲು ಕಟ್ಟಿ, ಹಗ್ಗಕ್ಕೆ ಕಟ್ಟಿದ ಕಲ್ಲನ್ನು ನೀರಿಗೆ ಎಸೆದು ಎಳೆದು ಸದ್ದು ಮಾಡುತ್ತ, ಕೊಲ್ಲಿಯ ಕಪ್ಪು ಮರಳಿನ ಕಡೆಗೆ ಓಡಿಸುತ್ತವೆ. ಅಲ್ಲಿ ಕಾದು ನಿಂತ ಗಂಡಸರು ಕೊಕ್ಕೆ ಹಾಕಿ ಹಗ್ಗದಿಂದ ದಡಕ್ಕೆಳೆದು ಕೊಲ್ಲುತ್ತಾರೆ. ಹಿಡಿದದ್ದನ್ನು ಮಾರುವುದಿಲ್ಲ, ಹಂಚುತ್ತಾರೆ. ಸಾಲಿನಲ್ಲಿದ್ದ ದೋಣಿಗಳದು ಒಂದು ಪಾಲು. ಆಮೇಲೆ ದೋಣಿ ಇಲ್ಲದ ಮನೆಗಳ ಪಾಲು, ಅಂದರೆ ಮುದುಕರು, ಕಾಯಿಲೆಯವರು, ನನ್ನಂಥ ಒಂಟಿ ಹೆಂಗಸರು.

ಸಾಲಿನಲ್ಲಿ ಯಾರು ಎಲ್ಲಿ ಅನ್ನುವುದನ್ನು ಗ್ರಿಂಡ್ ಮುಖ್ಯಸ್ಥ ರೇಡಿಯೋದಲ್ಲಿ ಹೆಸರು ಹಿಡಿದು ಕೂಗುತ್ತಾನೆ. ನಾನು ಹುಟ್ಟಿದಾಗಿನಿಂದ ಮೊದಲ ಹೆಸರು ತೆರ್ನಾ, ಜಾಗ ಉತ್ತರದ ತುದಿ. ಅಲ್ಲಿ ಬಂಡೆಯ ಪಕ್ಕದಲ್ಲಿ ಸೆಳೆತ ಜೋರು, ತಿಮಿಂಗಿಲ ತಪ್ಪಿಸಿಕೊಂಡರೆ ಅಲ್ಲಿಂದಲೇ. ಆ ಕಿಂಡಿಯನ್ನು ಅಪ್ಪ ಒಂದು ಸಲವೂ ಬಿಟ್ಟುಕೊಟ್ಟವನಲ್ಲ. ಆದರೆ ಗ್ರಿಂಡ್ ಕಂಡವನು ಅನ್ನಿಸಿಕೊಳ್ಳುವ ಭಾಗ್ಯ ಅವನಿಗೆ ಬರಲೇ ಇಲ್ಲ. ಆಸ್ಪತ್ರೆಯ ಹಾಸಿಗೆಯಲ್ಲೂ ಕಿಟಕಿಯಿಂದ ಸಮುದ್ರವನ್ನೇ ನೋಡುತ್ತಿದ್ದ.

ಕಂಪನಿ ಕಡೆಯಿಂದ ಹ್ಯಾಂಬರ್ಗಿನ ಅನೆಗ್ರೆಟ್ ಅನ್ನುವ ಹೆಂಗಸು ಬಂದಳು. ತೆರ್ನಾದಲ್ಲಿ ಒಂದು ಸುತ್ತು ಹೋಗಿಬಂದು ಹೂಂ ಅಥವಾ ಊಹೂಂ ಅನ್ನಬೇಕಾದವಳು ಇವಳೇ. ಮೈಮೇಲೆ ನಮ್ಮ ಕಡೆಯ ಸ್ವೆಟರ್ ಹಾಕಿಕೊಂಡಿದ್ದಳು. ಮಷೀನಿನಲ್ಲಿ ಹೆಣೆದದ್ದು ಅಂತ ದೂರದಿಂದಲೇ ಗೊತ್ತಾಯಿತು. ಇದು ನಿಮ್ಮಂಥವರ ಕೈಕೆಲಸವಲ್ಲವೇ ಅಂತ ತೋಳು ಸವರಿಕೊಂಡು ಕೇಳಿದಳು. ಬಾಯಿಗೆ ಬೀಗ ಹಾಕಿಕೊಂಡಿರು ಅಂತ ಯಾಲ್ಗ್ರಿಮ್ ಹಿಂದಿನ ದಿನವೇ ಗಿಣಿಗೆ ಹೇಳಿದ ಹಾಗೆ ಹೇಳಿದ್ದನಾದ್ದರಿಂದ ಕೇಕಿನ ತಟ್ಟೆ ಮುಂದೆ ಹಿಡಿದೆ.

ಅವಳ ಜೊತೆ ಇನ್ನೊಂದಿಷ್ಟು ಪ್ರವಾಸಿಗಳು. ಎಲ್ಲರಿಗೂ ಕೊರಳಲ್ಲಿ ಕ್ಯಾಮೆರಾ, ಕಣ್ಣಲ್ಲಿ ಭಕ್ತಿ. ಬಂದರು ದಾಟುವ ಮುಂಚೆಯೇ ಅನೆಗ್ರೆಟ್ ಯಾಲ್ಗ್ರಿಮ್‌ನ ಪಕ್ಕ ನಿಂತು, ದನಿ ತಗ್ಗಿಸಿ, ಇಲ್ಲಿ ಇನ್ನೂ ತಿಮಿಂಗಿಲ ಕೊಲ್ಲುತ್ತಾರೆ ಅಂತ ಕೇಳಿದ್ದೇನೆ, ನಿಜವೇ ಅಂದಳು. ನನ್ನ ತಮ್ಮ, ಹಿಂದಿನ ಸಂಜೆಯಷ್ಟೇ ನನ್ನ ಒಣಗೂಡಿನಲ್ಲಿ ಕೈ ನೆಕ್ಕಿಕೊಂಡವನು, ಮುಖವನ್ನು ಪಾದ್ರಿಯ ಹಾಗೆ ಮಾಡಿಕೊಂಡು, "ಹಳೇ ಕಾಲದ ಕೆಲವು ಜನ ಇದ್ದಾರೆ ಮೇಡಂ, ದೂರದ ದ್ವೀಪಗಳಲ್ಲಿ. ನಮ್ಮ ಕಡೆ ಇಲ್ಲ" ಅಂದ.

ನನಗೆ ಕಾಫಿ ನೆತ್ತಿಗೆ ಹತ್ತಿತು. ಕೊಂದಿದ್ದಕ್ಕೆ ನಾಚಿಕೆ ಅನ್ನುವವರನ್ನು ನಾನು ಕಂಡಿದ್ದೇನೆ, ಕೊಲ್ಲುವುದೇ ಸರಿ ಅನ್ನುವವರನ್ನೂ ಕಂಡಿದ್ದೇನೆ. ತಿಂದು ಬಾಯಿ ಒರೆಸಿಕೊಂಡು ಇಡೀ ಊರನ್ನು ಅಳಿಸಿಹಾಕಿದವನನ್ನು ಕಂಡದ್ದು ಅವತ್ತೇ. ಅಸಹ್ಯವಾಯಿತು. ಎದ್ದು ಹೋಗೋಣವೆಂದರೆ ದೋಣಿಯಿಂದ ಎಲ್ಲಿಗೆ ಹೋಗುವುದು.

ಹಕ್ಕಿಗಳು ಮರ್ಯಾದೆ ಉಳಿಸಿದವು. ಬಂಡೆಯ ತುಂಬ ಗಿಲ್ಲಮಾಟ್ ಹಕ್ಕಿಗಳು ಒಂದನ್ನೊಂದು ತಳ್ಳಾಡುತ್ತ ಕೂತಿದ್ದವು. ಪಫಿನ್‌ಗಳು ಬಾಯಿ ತುಂಬ ಮೀನು ಕಚ್ಚಿಕೊಂಡು ದಡಬಡ ಬಂದಿಳಿದವು. ಕ್ಯಾಮೆರಾ ಹಿಡಿದು ತೀರಾ ಹತ್ತಿರ ಬಾಗಿದ ಒಬ್ಬನ ಜಾಕೆಟ್ಟಿನ ಮೇಲೆ ಬಂಡೆಯ ಅಂಚಿನಲ್ಲಿದ್ದ ಫುಲ್ಮಾರ್ ಹಕ್ಕಿಯ ಮರಿಯೊಂದು ನಾರುವ ಎಣ್ಣೆ ಉಗಿಯಿತು. ಆ ಮರಿಯ ಮೇಲೆ ನನಗೆ ಪ್ರೀತಿ ಉಕ್ಕಿಬಂತು. ಅನೆಗ್ರೆಟ್ ಎಲ್ಲದಕ್ಕೂ ಓಹ್ ಓಹ್ ಅಂದಳು, ಆದರೆ ಕಣ್ಣು ಮಾತ್ರ ನೀರಿನ ಮೇಲಿತ್ತು. ತಿಮಿಂಗಿಲ ಕಾಣದಿದ್ದರೆ ಕಂಪನಿಯವರಿಗೆ ಕಷ್ಟವಾಗುತ್ತದೆ ಅಂತ ನಯವಾಗಿ ಹೇಳಿದಳು. ಯಾಲ್ಗ್ರಿಮ್‌ನ ಕುತ್ತಿಗೆ ಬೆವರಿತು. ಅವನು ತುಟಿ ಅಲ್ಲಾಡಿಸುತ್ತಿದ್ದ, ದೇವರಲ್ಲಿ ತಿಮಿಂಗಿಲ ಬೇಡುತ್ತಿದ್ದಾನೆ ಅಂತ ಗೊತ್ತಾಗಿ ನನಗೆ ಒಳಗೊಳಗೇ ನಗು.

ದೇವರು ಕೇಳಿಸಿಕೊಂಡ. ವಾಪಸು ಬರುವಾಗ, ಗಾಳಿ ಬಿದ್ದಿತ್ತು, ಬಂಡೆಯಾಚೆಯ ನೀರಿನಲ್ಲಿ ಮೊದಲು ಒಂದು ಕಪ್ಪು ಬೆನ್ನು, ಆಮೇಲೆ ಇನ್ನೊಂದು, ಆಮೇಲೆ ನೋಡಿದ ಕಡೆಯೆಲ್ಲ ಬೆನ್ನುಗಳು. ದೊಡ್ಡವು, ಮರಿಗಳು, ಉಸಿರು ಬಿಡುವ ಸದ್ದು. ಅಷ್ಟು ದೊಡ್ಡ ಹಿಂಡನ್ನು ನಾನೂ ನೋಡಿರಲಿಲ್ಲ. ಪ್ರವಾಸಿಗಳು ಕ್ಯಾಮೆರಾ ಎತ್ತುವುದನ್ನೇ ಮರೆತರು. ಅನೆಗ್ರೆಟ್ ಅಳುತ್ತಿದ್ದಳು, ನಿಜವಾದ ಅಳು, ಅದನ್ನು ಆಡಿಕೊಳ್ಳಲು ನನಗೂ ಮನಸ್ಸು ಬರಲಿಲ್ಲ.

ನಾನು ತಮ್ಮನ ಕಡೆ ತಿರುಗಿದೆ. ಗೆದ್ದೆಯಲ್ಲೋ ಅನ್ನಬೇಕು ಅಂತಿದ್ದೆ. ಅಷ್ಟರಲ್ಲಿ ಅವನ ಕೈ ರೇಡಿಯೋ ಮೇಲಿತ್ತು. ತಾನೇನು ಮಾಡುತ್ತಿದ್ದೇನೆ ಅನ್ನುವುದು ಅವನಿಗೇ ಗೊತ್ತಿರಲಿಲ್ಲ, ಸೀನು ಬಂದವನು ಸೀನುವ ಹಾಗೆ ನಮ್ಮ ಭಾಷೆಯಲ್ಲಿ ಹೇಳಿಯೇಬಿಟ್ಟ. "ಗ್ರಿಂಡ್. ಬಂಡೆಯಿಂದ ಪಶ್ಚಿಮಕ್ಕೆ, ದೊಡ್ಡ ಹಿಂಡು. ಕಂಡವನು ಯಾಲ್ಗ್ರಿಮ್, ತೆರ್ನಾ."

ಹೇಳಿದಾಗ ಅವನ ಮುಖ ನೋಡಬೇಕಿತ್ತು. ಹಬ್ಬದ ದಿನದ ಮಗುವಿನ ಮುಖ. ಒಂದು ಗಳಿಗೆ, ಅಷ್ಟೇ. ಆಮೇಲೆ ಹಿಂದೆ ತಿರುಗಿ ಬೆಂಚಿನ ಮೇಲಿದ್ದವರನ್ನು ಕಂಡ, ಬಣ್ಣ ಇಳಿದುಹೋಯಿತು.

"ಅಕ್ಕಾ, ಏನ್ ಮಾಡಿಬಿಟ್ಟೆ ನಾನು."

"ಅಪ್ಪನ ಕೈಲಿ ಆಗದೇ ಇದ್ದದ್ದನ್ನ ಮಾಡಿದೀಯ," ಅಂದೆ. "ಈಗ ಅನುಭವಿಸು."

ತಪ್ಪಾಗಿ ಕಂಡೆ, ಡಾಲ್ಫಿನ್ ಅದು, ಅಂತ ರೇಡಿಯೋದಲ್ಲಿ ಹೇಳಿಬಿಡಲೇ ಅಂತ ಕೇಳಿದ. ಹೇಳು, ಊರವರು ಕುರುಡರು ಅಂತ ತಿಳಿದಿದ್ದರೆ ಹೇಳು ಅಂದೆ. ಅಷ್ಟು ಹೊತ್ತಿಗೆ ಗುಡ್ಡದ ರಸ್ತೆಯಲ್ಲಿ ಕಾರುಗಳು ಓಡುತ್ತಿದ್ದವು, ಕಾರ್ಖಾನೆಯ ಬಾಗಿಲಿನಿಂದ ಜನ ಏಪ್ರನ್ ಬಿಚ್ಚುತ್ತ ಹೊರಬರುತ್ತಿದ್ದರು, ಬಂದರಿನಿಂದ ಮೊದಲ ದೋಣಿ ಹೊರಟಾಗಿತ್ತು. ರೇಡಿಯೋದಲ್ಲಿ ಗ್ರಿಂಡ್ ಮುಖ್ಯಸ್ಥ ನಿಕ್ಲಾಯ್‌ನ ದನಿ ಬಂತು. ಅಪ್ಪನ ಜೊತೆ ಒಂದೇ ದೋಣಿಯಲ್ಲಿ ಬೆಳೆದವನು, ಮಾತು ಕಮ್ಮಿ. "ನಿಮ್ಮಪ್ಪ ಇರಬೇಕಿತ್ತು ಕಣೋ" ಅಂದ, ಅಷ್ಟೇ. ಯಾಲ್ಗ್ರಿಮ್ ಕಣ್ಣು ಒರೆಸಿಕೊಂಡ. ಯಾವ ಕಾರಣಕ್ಕೆ ಅಂತ ನಾನು ಕೇಳಲಿಲ್ಲ.

ದೋಣಿಗಳು ಒಂದರ ಹಿಂದೊಂದು ಬರುವುದನ್ನು ಕಂಡು ನಮ್ಮ ಅತಿಥಿಗಳು ಏನು ಮಾಡಿದರು ಗೊತ್ತೇ? ಚಪ್ಪಾಳೆ ತಟ್ಟಿದರು. ನೋಡಿ ನೋಡಿ, ಇಡೀ ಊರೇ ತಿಮಿಂಗಿಲ ನೋಡಲು ಬರುತ್ತಿದೆ ಅಂತ ಒಬ್ಬರ ಭುಜ ಒಬ್ಬರು ತಟ್ಟಿಕೊಂಡರು. ಕೆಲವರು ಕೈ ಬೀಸಿದರು. ದೋಣಿಯಲ್ಲಿದ್ದ ನಮ್ಮವರೂ, ಪಾಪ, ಇದ್ಯಾವ ಹುಚ್ಚು ಅಂತ ತಿಳಿಯದೆ ತಿರುಗಿ ಕೈ ಬೀಸಿದರು. ನಾನು ಜೀವಮಾನದಲ್ಲಿ ನೋಡಿದ ಅತಿ ದೊಡ್ಡ ಪೆದ್ದುತನ ಅದು. ಅನೆಗ್ರೆಟ್ ಯಾಲ್ಗ್ರಿಮ್‌ನ ತೋಳು ಹಿಡಿದು, ಇವರೆಲ್ಲ ಏನು ಮಾಡುತ್ತಾರೆ ಈಗ ಅಂದಳು. ಇವನು ಮೈಕು ತೆಗೆದುಕೊಂಡು, ನಮ್ಮೂರಿನ ಜನ ತಿಮಿಂಗಿಲಗಳನ್ನು ಗೌರವದಿಂದ ಬೀಳ್ಕೊಡುತ್ತಾರೆ ಅಂದ. ಸುಳ್ಳು ಹೇಳುವುದಕ್ಕೂ ಒಂದು ಮಿತಿ ಇರಬೇಕು ನೋಡಿ.

ನಿಕ್ಲಾಯ್ ಸಾಲು ಕೂಗಲು ಶುರುಮಾಡಿದ. ಮೊದಲ ಹೆಸರು ತೆರ್ನಾ, ಉತ್ತರದ ತುದಿ. ಯಾಲ್ಗ್ರಿಮ್ ಚುಕ್ಕಾಣಿ ತಿರುಗಿಸಿ ಆ ಜಾಗಕ್ಕೆ ಹೋಗಿ ನಿಂತ. ಎಸೆಯಲು ದೋಣಿಯಲ್ಲಿ ಒಂದು ಕಲ್ಲೂ ಇರಲಿಲ್ಲ. ಲೈಫ್ ಜಾಕೆಟ್ ಇಡಲು ಜಾಗ ಬೇಕು ಅಂತ ಅಪ್ಪನ ಕಲ್ಲುಗಳನ್ನೆಲ್ಲ ಇವನೇ ಸಮುದ್ರಕ್ಕೆ ಹಾಕಿದ್ದ. ದೋಣಿಯಲ್ಲಿ ಅತಿಥಿಗಳಿದ್ದಾರೆ ಅಂತ ನಿಕ್ಲಾಯ್‌ಗೂ ಗೊತ್ತಿತ್ತು. ಅವನು ಒಳ್ಳೆಯದನ್ನೇ ಹೇಳಿದ. "ಸ್ವಲ್ಪ ಹೊತ್ತು ಕಿಂಡಿ ಹಿಡ್ಕೊಂಡಿರು ಸಾಕು. ಸ್ಟೇಯಿನ್‌ನ ದೋಣಿ ಬರ್ತಾ ಇದೆ, ಅವನು ಬಂದ ಮೇಲೆ ನಿನ್ನ ಜನರನ್ನ ಕರ್ಕೊಂಡು ಹೋಗು. ಕಂಡವನು ನೀನೇ, ಅದನ್ನ ಯಾರೂ ಕಿತ್ಕೊಳ್ಳಲ್ಲ." ಇದಕ್ಕಿಂತ ಹೆಚ್ಚು ಇನ್ನೇನು ಬೇಕು ಮನುಷ್ಯನಿಗೆ? ಸ್ಟೇಯಿನ್‌ನ ದೋಣಿ ಕಣ್ಣಿಗೆ ಕಾಣುತ್ತಿತ್ತು. ಹಿಂಡು ನಿಧಾನವಾಗಿ ಕೊಲ್ಲಿಯ ಕಡೆ ಮುಖ ಮಾಡಿತ್ತು.

ಅಷ್ಟರಲ್ಲಿ ಅನೆಗ್ರೆಟ್ ದುರ್ಬೀನು ದಡದ ಕಡೆ ತಿರುಗಿಸಿದಳು. ಕಪ್ಪು ಮರಳಿನ ಮೇಲೆ ಗಂಡಸರು ಸಾಲಾಗಿ ನಿಂತಿದ್ದರು. ಕೆಲವರು ಆಗಲೇ ಸೊಂಟದವರೆಗೆ ನೀರಿನಲ್ಲಿದ್ದರು, ಕೈಯಲ್ಲಿ ಹಗ್ಗ, ಕೊಕ್ಕೆ. ಅವಳು ದುರ್ಬೀನು ಇಳಿಸಿದಳು. ಯಾಲ್ಗ್ರಿಮ್‌ನನ್ನು ಕೇಳಲಿಲ್ಲ, ನನ್ನ ಹತ್ತಿರ ಬಂದಳು.

"ಆ ಗಂಡಸರ ಕೈಯಲ್ಲಿ ಹಗ್ಗ ಯಾಕಿದೆ?"

ಅವಳ ಭುಜದಾಚೆ ತಮ್ಮನ ಮುಖ ಕಾಣುತ್ತಿತ್ತು. ಏನಾದರೂ ಹೇಳು, ಏನಾದರೊಂದು ಸುಳ್ಳು ಹೇಳು ಅಂತ ಕಣ್ಣಿನಲ್ಲೇ ಕಾಲಿಗೆ ಬೀಳುತ್ತಿದ್ದ. ನನ್ನ ನಾಲಿಗೆ ಮೇಲೆ ನಿಜವೂ ಇತ್ತು. ಹೇಳಿದ್ದರೆ ಅಪ್ಪನ ದೋಣಿ ಅವತ್ತೇ ಹೋಗುತ್ತಿತ್ತು. ಆದರೆ ಇವನ ಸುಳ್ಳಿಗೆ ನಾನ್ಯಾಕೆ ಬೆಲ್ಲ ಸವರಲಿ?

"ದೋಣಿ ಅವನದು," ಅಂದೆ. "ಅವನನ್ನೇ ಕೇಳಿ."

ಅವಳು ಅವನ ಕಡೆ ತಿರುಗಿದಳು. ಎಲ್ಲರೂ ತಿರುಗಿದರು. ನನ್ನ ತಮ್ಮ ಮೈಕಿನ ಕಡೆ ಕೈ ಚಾಚಿ, ಹಿಂತೆಗೆದ. ಆಮೇಲೆ ಚುಕ್ಕಾಣಿಯನ್ನು ಪೂರ್ತಿ ಎಡಕ್ಕೆ ತಿರುಗಿಸಿದ.

ತೆರ್ನಾ ಸಾಲು ಬಿಟ್ಟು ಹೊರಗೆ ಬಂತು. ಸ್ಟೇಯಿನ್ ಜೋರಾಗಿ ಓಡಿಸಿದ, ಹೊತ್ತಿಗೆ ಸರಿಯಾಗಿ ಕಿಂಡಿ ಮುಟ್ಟಲು ಆಗಲಿಲ್ಲ. ಹಿಂಡಿನ ಮುಂದಿದ್ದ ದೊಡ್ಡದೊಂದು ಸೆಳೆತವನ್ನು ಕಂಡುಕೊಂಡು ತಿರುಗಿತು, ಅದರ ಹಿಂದೆ ಉಳಿದವು. ಅಪ್ಪ ಜೀವಮಾನವೆಲ್ಲ ಕಾದ ಕಿಂಡಿಯಿಂದ, ಅವನದೇ ದೋಣಿಯ ಪಕ್ಕದಲ್ಲಿ, ಒಂದೊಂದಾಗಿ ಆಚೆಯ ಸಮುದ್ರಕ್ಕೆ ಹೋದವು. ನಮ್ಮ ಅತಿಥಿಗಳು ಕೂಗಿದರು, ತಬ್ಬಿಕೊಂಡರು, ಯಾರೋ ಹಾಡು ಹೇಳಿದರು. ರೇಡಿಯೋದಲ್ಲಿ ಯಾರೂ ಬೈಯಲಿಲ್ಲ. "ತೆರ್ನಾ," ಅಂದ ನಿಕ್ಲಾಯ್ ಒಂದು ಸಲ.

ಅನೆಗ್ರೆಟ್‌ಗೆ ಅರ್ಥವಾಯಿತೋ ಇಲ್ಲವೋ, ಅರ್ಥವಾಗಬಾರದು ಅಂತ ಅವಳೇ ತೀರ್ಮಾನ ಮಾಡಿಕೊಂಡಳೋ, ನಾ ಕಾಣೆ. ನೀನು ಅವುಗಳಿಗೆ ದಾರಿ ಮಾಡಿಕೊಟ್ಟೆ ಅಂತ ಅವನನ್ನು ತಬ್ಬಿಕೊಂಡಳು. ಒಪ್ಪಂದ ಆಯಿತು. ಮುಂದಿನ ವಸಂತಕ್ಕೆ ಕಂಪನಿಯ ಜಾಹೀರಾತಿನ ಹೊಳೆಯುವ ಕಾಗದದ ಮೇಲೆ ನಮ್ಮೂರಿನ ಚಿತ್ರ ಅಚ್ಚಾಗಿ ಬಂತು. ತಿಮಿಂಗಿಲಗಳನ್ನು ಸಮುದ್ರಕ್ಕೆ ಬೀಳ್ಕೊಡುವ ಊರಂತೆ ನಮ್ಮದು. ಚಿತ್ರದಲ್ಲಿ ನಿಕ್ಲಾಯ್‌ನ ದೋಣಿ, ಸ್ಟೇಯಿನ್‌ನ ದೋಣಿ, ಎಲ್ಲವೂ ಇದ್ದವು.

ನಮ್ಮೂರಿನಲ್ಲಿ ಕೂಗಾಡುವ ಪದ್ಧತಿ ಇಲ್ಲ. ಅಂಗಡಿಯಲ್ಲಿ ಯಾಲ್ಗ್ರಿಮ್‌ಗೆ ದಾರಿ ಬಿಟ್ಟರು, ಮಳೆ ಗಾಳಿ ಮಾತಾಡಿದರು. ಆ ಚಳಿಗಾಲ ಯಾವ ಒಣಗೂಡಿನಲ್ಲೂ ತಿಮಿಂಗಿಲದ ತುಂಡಿರಲಿಲ್ಲ, ಅದರ ಮಾತನ್ನು ಮಾತ್ರ ಯಾರೂ ಅವನೆದುರು ಎತ್ತಲಿಲ್ಲ. ಮೈಕಿನಲ್ಲಿ ಅವನು ಹೇಳಿದ ಬೀಳ್ಕೊಡುವ ಮಾತು ಊರಿಗೆಲ್ಲ ಹಬ್ಬಿತ್ತು, ಕುರಿ ಕಡಿಯುವ ಕಾಲದಲ್ಲಿ ನಿಕ್ಲಾಯ್‌ನ ಹೆಂಡತಿ ನನ್ನನ್ನು ಬಾವಿಯಷ್ಟು ತಣ್ಣಗಿನ ದನಿಯಲ್ಲಿ ಕೇಳಿದಳು, "ನಿನ್ನ ತಮ್ಮ ಕುರಿಗಳನ್ನೂ ಗುಡ್ಡಕ್ಕೆ ಬೀಳ್ಕೊಟ್ಟು ಬರ್ತಾನಾ, ಏನು ಕತೆ?" ನಾನು ನಕ್ಕೆ. ನಗದೆ ಇನ್ನೇನು ಮಾಡಲಿ? ಅವನನ್ನು ಹಂಗಿಸುವ ಹಕ್ಕು ನನ್ನೊಬ್ಬಳದೇ ಅಂದುಕೊಂಡಿದ್ದೆ.

ಬೇಸಿಗೆ ಬಂತು, ಹಡಗುಗಳು ಬಂದವು, ಬೆಂಚುಗಳು ತುಂಬಿದವು. ಯಾಲ್ಗ್ರಿಮ್ ದಿನಾ ಮೈಕಿನಲ್ಲಿ ಬೀಳ್ಕೊಡುವ ಕತೆ ಹೇಳಿದ. ಒಣಗೂಡಿಗೆ ಬರುವುದನ್ನು ಬಿಟ್ಟಿದ್ದ. ಗೂಡಿನಲ್ಲಾದರೂ ಏನಿತ್ತು?

ಹಡಗಿಲ್ಲದ ಒಂದು ದಿನ ಮಧ್ಯಾಹ್ನ ರೇಡಿಯೋ ಮೊಳಗಿತು. ದಕ್ಷಿಣದ ಗುಡ್ಡದಲ್ಲಿ ಕುರಿ ಕಾಯುತ್ತಿದ್ದವನಿಗೆ ಗ್ರಿಂಡ್ ಕಂಡಿತ್ತು. ನಾನು ಬಂದರಿಗೆ ಓಡಿದಾಗ ಯಾಲ್ಗ್ರಿಮ್ ಆಗಲೇ ದೋಣಿಯಲ್ಲಿದ್ದ. ಬೆಂಚಿನ ಕೆಳಗಿಂದ ಏನೋ ಎಳೆದು ಎಳೆದು ಹೊರಗಿಡುತ್ತಿದ್ದ. ಕಲ್ಲುಗಳು. ಒಂದೊಂದನ್ನೂ ಅಪ್ಪ ಕಟ್ಟುತ್ತಿದ್ದ ಹಾಗೇ ಹಗ್ಗದಿಂದ ಬಿಗಿದಿದ್ದ, ಗಂಟೂ ಅದೇ. ಚಳಿಗಾಲವೆಲ್ಲ ಕೂತು ಕಟ್ಟಿದ್ದಾನೆ, ನನಗೂ ಹೇಳದೆ. ನಾನೂ ಹತ್ತಿ ಅವನ ಪಕ್ಕ ನಿಂತೆ.

ಎಂಜಿನ್ ಚಾಲೂ ಮಾಡಿದ. ಹಗ್ಗ ಬಿಚ್ಚಲು ಹೋಗಿ, ಹೆಸರು ಕೂಗಲಿ ಅಂತ ನಿಂತ. ನಿಕ್ಲಾಯ್ ಕೂಗಿದ. ಉತ್ತರದ ತುದಿ, ಸ್ಟೇಯಿನ್. ಅದರ ಪಕ್ಕ ಇಂಥವನು, ಅದರ ಪಕ್ಕ ಇಂಥವನು. ಒಂದೊಂದು ಹೆಸರಿಗೂ ಯಾಲ್ಗ್ರಿಮ್‌ನ ಕೈ ಹಗ್ಗದ ಮೇಲೆ ಬಿಗಿಯಾಗುತ್ತಿತ್ತು. ಶಾಲೆ ಮೇಷ್ಟರ ರಬ್ಬರ್ ದೋಣಿಯ ಹೆಸರೂ ಬಂತು. ಆಮೇಲೆ "ಅಷ್ಟೇ, ಹೊರಡಿ" ಅಂದ ನಿಕ್ಲಾಯ್.

ದೋಣಿಗಳೆಲ್ಲ ನಮ್ಮ ಮುಂದೆಯೇ ಹೋದವು. ಅಲೆಗೆ ತೆರ್ನಾ ಕಟ್ಟಿದ ಜಾಗದಲ್ಲೇ ಒಂದಿಷ್ಟು ತೂಗಾಡಿತು.

"ಮರೆತಿರಬೇಕು, ಅಲ್ವಾ ಅಕ್ಕಾ?" ಅಂದ.

ನಿಕ್ಲಾಯ್ ಯಾವುದನ್ನೂ ಮರೆಯುವವನಲ್ಲ, ಅದು ಅವನಿಗೂ ಗೊತ್ತಿತ್ತು. ಒಂದು ವರ್ಷದಿಂದ ಬಾಯಲ್ಲಿ ಕೂಡಿಟ್ಟ ಕೊಂಕು ಮಾತು ನನ್ನ ಹತ್ತಿರ ಎಷ್ಟೋ ಇತ್ತು. ಒಂದೂ ಬರಲಿಲ್ಲ. "ಎಂಜಿನ್ ಆರಿಸು" ಅಂದೆ.

ಸಂಜೆ ಹಂಚಿಕೆ ಆಯಿತು. ನಿಕ್ಲಾಯ್ ತಾನೇ ಕೈಗಾಡಿ ತಳ್ಳಿಕೊಂಡು ನಮ್ಮ ಮನೆಗೆ ಬಂದ. ಪ್ರತಿ ಸಲ ಬರುವಷ್ಟೇ ನನ್ನ ಪಾಲು, ಮಾಂಸ, ಕೊಬ್ಬು. ಅದರ ಪಕ್ಕ ಅಷ್ಟೇ ದೊಡ್ಡ ಇನ್ನೊಂದು ತುಂಡು. ಇದು ಯಾರದು ಅಂದೆ.

"ನಿನ್ನ ತಮ್ಮಂದು," ಅಂದ ನಿಕ್ಲಾಯ್. ದನಿಯಲ್ಲಿ ಸಿಟ್ಟು ಇರಲಿಲ್ಲ, ಇದ್ದಿದ್ದರೆ ಚೆನ್ನಾಗಿರುತ್ತಿತ್ತು. "ದೋಣಿ ಇಲ್ಲದ ಮನೆಗಳ ಪಾಲು."

ಕೈಗಾಡಿ ತಿರುಗಿಸಿಕೊಂಡು ಹೋದ. ಎರಡನ್ನೂ ಒಣಗೂಡಿಗೆ ತೆಗೆದುಕೊಂಡು ಹೋಗಿ ಪಕ್ಕಪಕ್ಕದ ಕೊಕ್ಕೆಗೆ ಸಿಕ್ಕಿಸಿದೆ. ಯಾವುದು ನನ್ನದು, ಯಾವುದು ಅವನದು ಅಂತ ಗುರುತು ಮಾಡಲಿಲ್ಲ.